ಬೌಲ್ ಗೇಮ್ ಟಿಕೆಟ್: ಮೊದಲು ನಿಮ್ಮ ಯೂನಿವರ್ಸಿಟಿಯನ್ನೇ ಕೇಳಿ

ಬೌಲ್ ಗೇಮ್ ಅಂದರೆ ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಸೀಸನ್ ಮುಗಿದ ಮೇಲೆ ಅರ್ಹತೆ ಪಡೆದ ಯೂನಿವರ್ಸಿಟಿ ತಂಡಗಳ ನಡುವೆ ನಡೆಯುವ ಪಂದ್ಯ. 2021ರ ಡಿಸೆಂಬರ್ 30, ನ್ಯಾಶ್‌ವಿಲ್‌ನ ನಿಸಾನ್ ಸ್ಟೇಡಿಯಂ. ಮ್ಯೂಸಿಕ್ ಸಿಟಿ ಬೌಲ್‌ನಲ್ಲಿ ನಮ್ಮ ಪರ್ಡ್ಯೂ ಯೂನಿವರ್ಸಿಟಿಗೆ ಟೆನೆಸಿ ಯೂನಿವರ್ಸಿಟಿ ಎದುರಾಳಿ. ಅವರ ಊರು ನಾಕ್ಸ್‌ವಿಲ್‌ನಿಂದ ಅಲ್ಲಿಗೆ ಕಾರಲ್ಲಿ ಮೂರು ಗಂಟೆ ಸಾಕು. ಎಲ್ಲಿ ನೋಡಿದರೂ ಕಿತ್ತಳೆ ಬಣ್ಣ. ಒಂದು ಕಡೆ ಮಾತ್ರ ನಮ್ಮ ಕಪ್ಪು–ಬಂಗಾರದ ಗುಂಪು, ಅದರೊಳಗೆ ನಾನು. ಓವರ್‌ಟೈಮ್‌ನಲ್ಲಿ ಫೀಲ್ಡ್ ಗೋಲ್ ಹೊಡೆದು 48–45ರಲ್ಲಿ ಗೆದ್ದಾಗ, ಹೆಸರೂ ಗೊತ್ತಿಲ್ಲದ ಅಜ್ಜಿಯೊಬ್ಬರು ನನ್ನನ್ನು ತಬ್ಬಿಕೊಂಡು ಅತ್ತರು. ನನ್ನ ಲ್ಯಾಬ್‌ನ ಗೆಳೆಯನೂ ಅದೇ ಆಟಕ್ಕೆ ಬಂದಿದ್ದ. ಅವನು ಟೆನೆಸಿಯವರ ನಡುವೆ ಒಬ್ಬನೇ ಕೂತು, ಗೆದ್ದ ಖುಷಿಯನ್ನು ಬಾಯಿಬಿಟ್ಟು ಹೇಳಲಾಗದೆ ಹೊರಗೆ ಬಂದ. ಅವನು ರೀಸೇಲ್ (ಒಬ್ಬರು ಕೊಂಡ ಟಿಕೆಟನ್ನು ಮತ್ತೆ ಮಾರುವ) ಆ್ಯಪ್‌ನಲ್ಲಿ ಕಡಿಮೆ ಬೆಲೆ ನೋಡಿ ಕೊಂಡಿದ್ದ. ನಾನು ಪರ್ಡ್ಯೂ ಟಿಕೆಟ್ ಆಫೀಸಿನಿಂದ ತಗೊಂಡಿದ್ದೆ.

ಅದಕ್ಕೇ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇಷ್ಟು: ಯಾರ ಜೊತೆ ಕೂರಬೇಕು ಅಂತ ಮೊದಲು ತೀರ್ಮಾನಿಸಿ. ಎಲ್ಲಿ ಕೊಳ್ಳಬೇಕು ಅನ್ನುವುದು ಆಮೇಲೆ ತಾನಾಗಿ ಗೊತ್ತಾಗುತ್ತದೆ.

ಬೌಲ್ ನಡೆಸುವವರು ಎರಡೂ ತಂಡಗಳಿಗೆ ಇಷ್ಟಿಷ್ಟು ಅಂತ ಟಿಕೆಟ್ ಎತ್ತಿಡುತ್ತಾರೆ. ಆ ಪಾಲನ್ನು ಮಾರುವುದು ಯೂನಿವರ್ಸಿಟಿಯ ಅಥ್ಲೆಟಿಕ್ಸ್ ಟಿಕೆಟ್ ಆಫೀಸು. ತಂಡ ಆರು ಪಂದ್ಯ ಗೆದ್ದರೆ ಬೌಲ್‌ಗೆ ಅರ್ಹತೆ ಸಿಗುತ್ತದೆ. ಆರನೇ ಗೆಲುವಿನ ವಾರವೇ ಆ ಆಫೀಸಿನ ವೆಬ್‌ಸೈಟಲ್ಲಿ ಖಾತೆ ತೆರೆದಿಡಿ. ಯಾರಿಗೆ ಯಾವ ಬೌಲ್ ಅಂತ ಡಿಸೆಂಬರ್ ಮೊದಲ ವಾರದ ಹೊತ್ತಿಗೆ ಒಂದು ಭಾನುವಾರ ಪ್ರಕಟವಾಗುತ್ತದೆ. 2021ರಲ್ಲಿ ಅದು ಡಿಸೆಂಬರ್ 5. ಪ್ರಕಟವಾದ ಮೇಲೆ ಯೋಚಿಸೋಣ ಅಂತ ಕೂತರೆ ತಡವಾಗುತ್ತದೆ.

ಸಾಮಾನ್ಯವಾಗಿ ದೇಣಿಗೆ ಕೊಟ್ಟವರಿಗೆ, ಸೀಸನ್ ಟಿಕೆಟ್ ಇರುವವರಿಗೆ ಮೊದಲ ಸರದಿ. ಪರ್ಡ್ಯೂನಲ್ಲಿ ಜಾನ್ ಪರ್ಡ್ಯೂ ಕ್ಲಬ್ ಅಂತಿದೆ, ಅದರ ಸದಸ್ಯರಿಗೆ ಪಾಯಿಂಟ್ ಲೆಕ್ಕ, ಪಾಯಿಂಟ್ ಜಾಸ್ತಿ ಇದ್ದವರ ಸರದಿ ಮೊದಲು. ವಿದ್ಯಾರ್ಥಿಗಳಿಗೆ ಬೇರೆ ಪಾಲು ಇರುತ್ತದೆ, ಓದುತ್ತಿರುವವರು ಅದನ್ನು ಬಿಡಬೇಡಿ. ನಾನು ಕ್ಲಬ್ಬಿನ ಸದಸ್ಯೆ ಅಲ್ಲ, ಆದರೂ ನನಗೆ ಸೀಟು ಸಿಕ್ಕಿತು. ಮಧ್ಯಮ ಮಟ್ಟದ ಬೌಲ್‌ಗಳಲ್ಲಿ ಪಾಯಿಂಟ್ ಇರುವವರೆಲ್ಲ ಹೊರಡುವುದಿಲ್ಲ, ಉಳಿದದ್ದು ನಮ್ಮಂಥವರಿಗೆ ಬರುತ್ತದೆ. ಇನ್ನೊಂದು ವಿಷಯ ನನಗೆ ತುಂಬಾ ಮುಖ್ಯ. ಯಾವ ತಂಡದ ಅಭಿಮಾನಿಗಳು ದೂರ ಅಂತ ನೋಡದೆ ಹೋಗುತ್ತಾರೆ ಅನ್ನುವುದನ್ನು ಬೌಲ್‌ನವರು ಗಮನಿಸುತ್ತಾರೆ. ಯೂನಿವರ್ಸಿಟಿ ಮೂಲಕ ಕೊಂಡ ಟಿಕೆಟ್ ನಿಮ್ಮ ತಂಡದ ಲೆಕ್ಕಕ್ಕೇ ಸೇರುತ್ತದೆ. ಇಪ್ಪತ್ತು ಡಾಲರ್ ಜಾಸ್ತಿ ಆದರೂ ನಾನು ಇಲ್ಲಿಂದಲೇ ಕೊಳ್ಳುತ್ತೇನೆ.

ಅಲ್ಲಿ ಮುಗಿದಿದ್ದರೆ ಬೌಲ್‌ನ ಸ್ವಂತ ವೆಬ್‌ಸೈಟ್ ನೋಡಿ. ಗೂಗಲ್‌ನಲ್ಲಿ ಹುಡುಕಿ ಮೇಲೆ ಬಂದದ್ದನ್ನು ಸುಮ್ನೆ ಒತ್ತಬೇಡಿ. ಮೇಲಿನ ಜಾಹೀರಾತುಗಳಲ್ಲಿ ಬೌಲ್‌ನ ಹೆಸರು ಹೊತ್ತ ಮರುಮಾರಾಟಗಾರರೂ ಇರುತ್ತಾರೆ. ತಂಡದ ಪುಟದಿಂದ ಬೌಲ್‌ನ ಪುಟಕ್ಕೆ ಹೋಗುವುದು ವಾಸಿ.

ಪ್ಲೇಆಫ್ ಅಂದರೆ ರಾಷ್ಟ್ರೀಯ ಚಾಂಪಿಯನ್ ಯಾರು ಅಂತ ತೀರ್ಮಾನಿಸುವ ಪಂದ್ಯಗಳು, ಅದರ ಲೆಕ್ಕವೇ ಬೇರೆ. 2024ರ ಸೀಸನ್‌ನಿಂದ ಅದರಲ್ಲಿ 12 ತಂಡಗಳು. ಮೊದಲ ಸುತ್ತು ಕ್ಯಾಂಪಸ್‌ಗಳಲ್ಲೇ ನಡೆಯುತ್ತದೆ. ಕ್ವಾರ್ಟರ್‌ಫೈನಲ್, ಸೆಮಿಫೈನಲ್‌ಗಳು ರೋಸ್, ಶುಗರ್, ಆರೆಂಜ್, ಕಾಟನ್, ಫಿಯೆಸ್ಟಾ, ಪೀಚ್ ಬೌಲ್‌ಗಳ ಪಾಲು. ಇಲ್ಲಿ ಪಾಯಿಂಟ್ ಕಡಿಮೆ ಇರುವವರಿಗೆ ಯೂನಿವರ್ಸಿಟಿ ಪಾಲಿನಲ್ಲಿ ಸಿಗುವುದು ಕಷ್ಟ. ರೀಸೇಲ್‌ಗೇ ಹೋಗಬೇಕಾಗಬಹುದು.

ರೀಸೇಲ್ ಅಂದರೆ ಸ್ಟಬ್‌ಹಬ್, ಸೀಟ್‌ಗೀಕ್, ವಿವಿಡ್ ಸೀಟ್ಸ್ ಥರದವು. ಮೊದಲು ಇಲ್ಲಿ 90 ಡಾಲರ್ ಅಂತ ತೋರಿಸಿ ಕೊನೆಯ ಪುಟದಲ್ಲಿ ಫೀಸು ಸೇರಿಸುತ್ತಿದ್ದರು. 2025ರ ಮೇ 12ರಿಂದ ಅಮೆರಿಕ ಸರ್ಕಾರದ ಫೆಡರಲ್ ಟ್ರೇಡ್ ಕಮಿಷನ್‌ನ ನಿಯಮ ಬಂದಿದೆ. ಕಡ್ಡಾಯ ಫೀಸು ಸೇರಿದ ಪೂರ್ತಿ ಬೆಲೆಯನ್ನು ಮೊದಲೇ ತೋರಿಸಬೇಕು. ಹಾಗಾಗಿ ಎರಡು ಮೂರು ಆ್ಯಪ್ ತೆರೆದು ಒಂದೇ ಸೆಕ್ಷನ್‌ನ ಬೆಲೆ ಹೋಲಿಸುವುದು ಈಗ ಸುಲಭ. ಸೆಕ್ಷನ್ ಮತ್ತು ಸಾಲಿನ ನಂಬರ್ ಹಾಕದ ಟಿಕೆಟ್ ಮುಟ್ಟಬೇಡಿ. ಮಾರುವವನ ಕೈಗೆ ಆ ಟಿಕೆಟ್ ಇನ್ನೂ ಬಂದಿರದೇ ಇರಬಹುದು. ನಿಮ್ಮವರ ಜೊತೆ ಕೂರುವ ಆಸೆ ಇದ್ದರೆ, ನಿಮ್ಮ ತಂಡದ ಪಾಲು ಯಾವ ಸೆಕ್ಷನ್‌ಗಳಲ್ಲಿದೆ ಅಂತ ಟಿಕೆಟ್ ಆಫೀಸಿಗೆ ಫೋನ್ ಮಾಡಿ ಕೇಳಿ. ಆ್ಯಪ್‌ನಲ್ಲಿ ಆ ಸೆಕ್ಷನ್‌ಗಳನ್ನೇ ಹುಡುಕಿ. ನನ್ನ ಗೆಳೆಯ ಈ ಒಂದು ಫೋನ್ ಮಾಡಿದ್ದರೆ ಸಾಕಿತ್ತು.

ಯಾವಾಗ ಕೊಳ್ಳಬೇಕು? ನೀವು ಹೇಗೆ ಹೋಗುತ್ತೀರಿ ಅನ್ನುವುದರ ಮೇಲಿದೆ. ಇಂಡಿಯಾನಾಪೊಲಿಸ್‌ನಿಂದ ನ್ಯಾಶ್‌ವಿಲ್‌ಗೆ ಕಾರಲ್ಲಿ ಹೋಗಬಹುದು. ಹೀಗಿದ್ದರೆ ಕೊನೆಯ ಎರಡು ದಿನ ಕಾಯುವ ಧೈರ್ಯ ಮಾಡಬಹುದು, ಸಣ್ಣ ಬೌಲ್‌ಗಳಲ್ಲಿ ಬೆಲೆ ಇಳಿಯುವುದನ್ನು ನಾನು ನೋಡಿದ್ದೇನೆ. ಪ್ಯಾಸಡೀನಾದ ರೋಸ್ ಬೌಲ್‌ಗೆ ವಿಮಾನದ ಟಿಕೆಟ್ ತೆಗೆದಾಗಿದ್ದರೆ ಕಾಯಬೇಡಿ. ವಾಪಸ್ ಬರಲು ಒಂದು ದಿನ ಜಾಸ್ತಿ ಇಟ್ಟುಕೊಳ್ಳಿ. 2025ರ ಜನವರಿ 1ರಂದು ನ್ಯೂ ಆರ್ಲಿಯನ್ಸ್‌ನ ಬರ್ಬನ್ ಸ್ಟ್ರೀಟ್‌ನಲ್ಲಿ ದಾಳಿ ನಡೆದು ಶುಗರ್ ಬೌಲ್ ಮರುದಿನಕ್ಕೆ ಹೋಯಿತು. ಅದೇ ಟಿಕೆಟ್ ಮರುದಿನವೂ ನಡೆಯಿತು, ಆದರೆ ಅಂದೇ ಊರಿಗೆ ಹೊರಡಬೇಕಿದ್ದವರಿಗೆ ಆಟ ತಪ್ಪಿತು.

ಸೋಶಿಯಲ್ ಮೀಡಿಯಾ ಗುಂಪುಗಳಲ್ಲಿ ಅಪರಿಚಿತರಿಂದ ಕೊಳ್ಳಬೇಡಿ. ಒಂದು ವರ್ಷ ನಾನು ಕೊಂಡೆ. ಆ ಮನುಷ್ಯ ಮಗಳಿಗೆ ಹುಷಾರಿಲ್ಲ ಅಂದ, ಟಿಕೆಟ್‌ನ ಸ್ಕ್ರೀನ್‌ಶಾಟ್ ಕಳಿಸಿದ. ನಾನು ಫೋನಿನಿಂದಲೇ 160 ಡಾಲರ್ ಹಾಕಿದೆ. ಗೇಟಿನಲ್ಲಿ ಸ್ಕ್ಯಾನ್ ಆಗಲಿಲ್ಲ. ಆ ಥರದ ಮೊಬೈಲ್ ಟಿಕೆಟ್‌ನಲ್ಲಿ ಬಾರ್‌ಕೋಡ್ ಆಗಾಗ ಬದಲಾಗುತ್ತಿರುತ್ತದೆ, ಸ್ಕ್ರೀನ್‌ಶಾಟ್‌ಗೆ ಬೆಲೆಯೇ ಇಲ್ಲ. ಚಳಿಯಲ್ಲಿ ಹೊರಗೆ ನಿಂತು ಒಳಗಿನ ಕೂಗು ಕೇಳಿಸಿಕೊಂಡೆ. ಹಣವನ್ನು ನಾನೇ ಕಳಿಸಿದ್ದರಿಂದ ವಾಪಸ್ ಬರಲಿಲ್ಲ. ಪರಿಚಯದವರಿಂದ ಕೊಂಡರೂ ಟಿಕೆಟ್ ಆ್ಯಪ್‌ನಲ್ಲೇ ನಿಮ್ಮ ಹೆಸರಿಗೆ ವರ್ಗ ಮಾಡಿಸಿಕೊಂಡು, ಆಮೇಲೆ ಹಣ ಕೊಡಿ. ಉಳಿದ ಕಡೆ ಕ್ರೆಡಿಟ್ ಕಾರ್ಡೇ ಬಳಸಿ, ಮೋಸವಾದರೆ ತಕರಾರು ಹಾಕಲು ದಾರಿ ಇರುತ್ತದೆ.

ಹೊರಡುವ ಹಿಂದಿನ ರಾತ್ರಿ, ಮನೆಯ ವೈಫೈ ಇರುವಾಗಲೇ, ಟಿಕೆಟನ್ನು ಫೋನಿನ ವ್ಯಾಲೆಟ್‌ಗೆ ಹಾಕಿಕೊಳ್ಳಿ. ಗೇಟಿನ ಹತ್ತಿರ ಸಾವಿರಾರು ಜನ ಒಟ್ಟಿಗೆ ಫೋನ್ ತೆಗೆದಾಗ ನೆಟ್‌ವರ್ಕ್ ಸಿಗುವುದಿಲ್ಲ.