ಮಂಡಿಗೆ ಚುಚ್ಚಿದ ಪಿಆರ್‌ಪಿ, ಬೋರ್ಡಿನಿಂದ ಅಳಿಸಿದ ಸಾಲು

ಶಿರಸಿಯಲ್ಲಿ ಎಲುಬು ಮತ್ತು ಕೀಲಿನ ವೈದ್ಯನಾಗಿ ಸಣ್ಣದೊಂದು ಚಿಕಿತ್ಸಾಲಯ ನಡೆಸುತ್ತಿರುವ ನನ್ನ ಬಳಿಗೆ ಅಡಿಕೆ ಕೊಯ್ಲಿನ ದಿನಗಳಲ್ಲಿ ಬರುವವರಲ್ಲಿ ಹೆಚ್ಚಿನವರು ಎರಡು ಬಗೆಯವರು: ಮರದಿಂದ ಮರಕ್ಕೆ ದಾಟುವಾಗ ಭುಜ ಉಳುಕಿಸಿಕೊಂಡ ಕೊನೆಗೌಡರು, ಮತ್ತು ರಾತ್ರಿ ಬಹಳ ಹೊತ್ತಿನವರೆಗೆ ಮೆಟ್ಟುಗತ್ತಿಯ ಮೇಲೆ ಕುಳಿತು ಅಡಿಕೆ ಸುಲಿದು, ಬೆಳಗ್ಗೆ ಮಂಡಿ ಮಡಚಲಾರದೆ ಬರುವ ಹೆಂಗಸರು. ಈ ಹೆಂಗಸರಲ್ಲಿ ಅನೇಕರ ಎಕ್ಸ್‌ರೇಯಲ್ಲಿ ಕೀಲು ಸವೆತ ಕಾಣುತ್ತದೆ, ಸವೆತವನ್ನು 0ಯಿಂದ 4ರವರೆಗೆ ಅಳೆಯುವ ಕೆಲ್‌ಗ್ರೆನ್–ಲಾರೆನ್ಸ್ ಪ್ರಮಾಣದಲ್ಲಿ ಹೇಳುವುದಾದರೆ 2 ಅಥವಾ 3ನೇ ಹಂತ. ಕೀಲು ಬದಲಿಸುವ ಶಸ್ತ್ರಚಿಕಿತ್ಸೆಗೆ ಇನ್ನೂ ಕಾಲ ಬಂದಿರುವುದಿಲ್ಲ, ನೋವಿನ ಮಾತ್ರೆಯನ್ನು ನಿತ್ಯ ನುಂಗಿದರೆ ಹೊಟ್ಟೆಯೂ ಮೂತ್ರಪಿಂಡವೂ ತಡೆಯುವುದಿಲ್ಲ. ಇಂಥವರಿಗಾಗಿಯೇ ನಾನು ಪಿಆರ್‌ಪಿ (ಪ್ಲೇಟ್‌ಲೆಟ್ ರಿಚ್ ಪ್ಲಾಸ್ಮಾ) ಚುಚ್ಚುಮದ್ದು ಆರಂಭಿಸಿದೆ.

ರೋಗಿಯದೇ ರಕ್ತವನ್ನು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ಅದರ ಪ್ಲೇಟ್‌ಲೆಟ್‌ಗಳನ್ನು (ರಕ್ತ ಹೆಪ್ಪುಗಟ್ಟಿಸುವ ಪುಟ್ಟ ಕಣಗಳನ್ನು) ಸ್ವಲ್ಪವೇ ಪ್ಲಾಸ್ಮಾದಲ್ಲಿ, ಅಂದರೆ ರಕ್ತದ ದ್ರವಭಾಗದಲ್ಲಿ, ದಟ್ಟಗೊಳಿಸಿ, ನೋವಿರುವ ಕೀಲಿಗೆ ಹಾಕುವುದೇ ಪಿಆರ್‌ಪಿ. ಪ್ಲೇಟ್‌ಲೆಟ್‌ನೊಳಗಿನ ಆಲ್ಫಾ ಕಣಗಳಲ್ಲಿ ಗಾಯ ಮಾಯುವಾಗ ದೇಹ ಬಳಸಿಕೊಳ್ಳುವ ಪ್ರೊಟೀನುಗಳಿದ್ದು, ಅವು ಕೀಲಿನೊಳಗಿನ ಉರಿಯೂತವನ್ನು ತಗ್ಗಿಸಬಹುದು ಎಂಬುದು ಇದರ ಹಿಂದಿನ ತರ್ಕ. ಕೀಲಿನ ಮೆತ್ತೆಯಂಥ ಮೃದ್ವಸ್ಥಿಯನ್ನು ಹೊಸದಾಗಿ ಕಟ್ಟಿಕೊಡುವ ಆಕರಕೋಶದ (ಸ್ಟೆಮ್ ಸೆಲ್) ಚಿಕಿತ್ಸೆ ಇದಲ್ಲ. ಈ ಮಾತನ್ನು ಈಗ ಇಷ್ಟು ಸಲೀಸಾಗಿ ಬರೆಯುತ್ತಿದ್ದೇನೆ. ಮೊದಲ ವರ್ಷ ಬರೆದಿರಲಿಲ್ಲ, ಅದಕ್ಕೆ ಮುಂದೆ ಬರುತ್ತೇನೆ.

ನಾನು ತೆಗೆಯುವುದು 30 ಮಿ.ಲೀ. ರಕ್ತ, ಹೆಪ್ಪುಗಟ್ಟದಂತೆ ಕೊಳವೆಯಲ್ಲಿ ಮೊದಲೇ ಸಿಟ್ರೇಟ್ ದ್ರಾವಣ ಇರುತ್ತದೆ. ನೋವಿನ ಮಾತ್ರೆಗಳು ಪ್ಲೇಟ್‌ಲೆಟ್‌ನ ಕೆಲಸವನ್ನೇ ತಡೆಯುವುದರಿಂದ ಅವನ್ನು ಒಂದು ವಾರ ಮೊದಲೇ ನಿಲ್ಲಿಸಿರಬೇಕು. ಸಿದ್ದಾಪುರದ ಕಾಡಂಚಿನಿಂದ ಬಂದವರಿಗೆ ಜ್ವರದ ಛಾಯೆ ಇದ್ದರೂ ಅಂದು ರಕ್ತ ತೆಗೆಯುವುದಿಲ್ಲ. ಮಂಗನ ಕಾಯಿಲೆಯಲ್ಲಿ ಪ್ಲೇಟ್‌ಲೆಟ್ ಸಂಖ್ಯೆಯೇ ಕುಸಿಯುತ್ತದೆ, ಆಗ ಆಗಬೇಕಾದದ್ದು ಬೇರೆಯೇ ಪರೀಕ್ಷೆ. ಮೊದಲ ಸುತ್ತು ಮೆಲ್ಲಗಿನದು: ಕೆಂಪು ಕಣಗಳು ತಳಕ್ಕಿಳಿದು, ಮೇಲೆ ಹೊಂಬಣ್ಣದ ಪ್ಲಾಸ್ಮಾ ನಿಂತು, ನಡುವೆ ಕಾಯಿಸಿದ ಹಾಲಿನ ಕೆನೆಯಂಥ ತೆಳ್ಳನೆಯ ಬಿಳಿ ಪದರ ಕಾಣುತ್ತದೆ. ಮೇಲಿನ ಭಾಗವನ್ನು ಬೇರೆ ಕೊಳವೆಗೆ ಹಾಕಿ ಎರಡನೆಯ ಬಾರಿ ಜೋರಾಗಿ ತಿರುಗಿಸಿದರೆ ಪ್ಲೇಟ್‌ಲೆಟ್‌ಗಳು ತಳದಲ್ಲಿ ಸಾಸಿವೆ ಕಾಳಿನಷ್ಟು ಗುಂಡಿಯಾಗಿ ಕೂರುತ್ತವೆ. ಮೇಲಿನ ತೆಳು ಪ್ಲಾಸ್ಮಾವನ್ನು ತೆಗೆದು, ಉಳಿದ 5 ಮಿ.ಲೀ.ಯಲ್ಲಿ ಆ ಗುಂಡಿಯನ್ನು ಮಗುವನ್ನು ತೂಗಿದಂತೆ ಮೆಲ್ಲಗೆ ಅಲ್ಲಾಡಿಸಿ ಕರಗಿಸಬೇಕು. ಅವಸರ ಮಾಡಿದರೆ ಗಂಟುಗಂಟಾಗುತ್ತದೆ.

ಹೇಳುವಷ್ಟು ಸುಲಭವಾಗಿ ಇದು ನನಗೆ ಕೈವಶವಾಗಲಿಲ್ಲ. ಬೇರೆ ಊರಿನ ಗೆಳೆಯನೊಬ್ಬ ಬರೆದುಕೊಟ್ಟ ಚೀಟಿಯಲ್ಲಿ ಮೊದಲ ಸುತ್ತಿಗೆ ನಿಮಿಷಕ್ಕೆ 1500 ಸುತ್ತು ಎಂದಿತ್ತು, ನಾನೂ ಹಾಗೆಯೇ ತಿರುಗಿಸಿದೆ. ಕೆಲವು ತಿಂಗಳ ಮೇಲೆ ಅನುಮಾನ ಬಂದು, ಒಬ್ಬರ ರಕ್ತವನ್ನೂ ಅದರಿಂದಲೇ ತಯಾರಿಸಿದ ಪಿಆರ್‌ಪಿಯನ್ನೂ ಪಕ್ಕದ ಪ್ರಯೋಗಾಲಯಕ್ಕೆ ಎಣಿಕೆಗೆ ಕಳುಹಿಸಿದರೆ, ಮೈಕ್ರೋಲೀಟರಿಗೆ ಪ್ಲೇಟ್‌ಲೆಟ್ ಸಂಖ್ಯೆ ರಕ್ತದಲ್ಲಿ 2.4 ಲಕ್ಷ, ನನ್ನ ‘ದಟ್ಟ’ ದ್ರವದಲ್ಲಿ 2.9 ಲಕ್ಷ! ತಪ್ಪು ತ್ರಿಜ್ಯದಲ್ಲಿತ್ತು. ಸುತ್ತಿನ ಸಂಖ್ಯೆ ಒಂದೇ ಆದರೂ ಕೊಳವೆ ತಿರುಗುವ ವೃತ್ತ ದೊಡ್ಡದಾದಷ್ಟೂ ಬಲ ಹೆಚ್ಚುತ್ತದೆ. ಗೆಳೆಯನ ಯಂತ್ರದ ತ್ರಿಜ್ಯ 10 ಸೆಂ.ಮೀ., 1500 ಸುತ್ತಿಗೆ ಗುರುತ್ವದ ಸುಮಾರು 250 ಪಟ್ಟು ಬಲ; ನನ್ನದು 15 ಸೆಂ.ಮೀ., ಅದೇ ಸುತ್ತಿಗೆ ಸುಮಾರು 375 ಪಟ್ಟು. ಅಷ್ಟು ಬಲಕ್ಕೆ ಪ್ಲೇಟ್‌ಲೆಟ್‌ಗಳಲ್ಲಿ ಬಹುಪಾಲು ಕೆಂಪು ಕಣಗಳ ಜೊತೆಗೇ ತಳ ಸೇರುತ್ತಿದ್ದವು. ಸುತ್ತನ್ನು 1220ಕ್ಕೆ ಇಳಿಸಿದ ಮೇಲೆ ಎಣಿಕೆ 9 ಲಕ್ಷ ದಾಟಿತು. ಅಷ್ಟರೊಳಗೆ 11 ಜನರಿಗೆ ಹೆಚ್ಚುಕಡಿಮೆ ದಟ್ಟವಾಗದ ಪ್ಲಾಸ್ಮಾವನ್ನೇ ಚುಚ್ಚಿಯಾಗಿತ್ತು. ಅವರನ್ನು ಕರೆಸಿ ವಿಷಯ ತಿಳಿಸಿ ಹಣ ಹಿಂದಿರುಗಿಸಿದಾಗ, ಏಳು ಜನ ತಮಗೆ ಗುಣವಾಗಿದೆಯೆಂದೇ ಹೇಳಿದರು; ಒಬ್ಬರು ಹಣವನ್ನೇ ಮುಟ್ಟಲಿಲ್ಲ.

ಮಳೆಗಾಲದ್ದು ಇನ್ನೊಂದು ಕಥೆ. ಜುಲೈ ತಿಂಗಳ ಒಂದು ಮಧ್ಯಾಹ್ನ ಎರಡನೆಯ ಸುತ್ತಿನ ನಡುವೆ ಕರೆಂಟು ಹೋಗಿ, ಯಂತ್ರ ನಿಂತು, ಮತ್ತೆ ಬಂದಾಗ ಎಳೆದಾಡಿ ಶುರುವಾಗಿ, ಕೂರುತ್ತಿದ್ದ ಗುಂಡಿ ಮೋಡದಂತೆ ಕದಡಿಹೋಯಿತು. ಅದನ್ನು ಚೆಲ್ಲಿ, ಆಕೆಯ ಕ್ಷಮೆ ಕೇಳಿ, ಇನ್ನೊಂದು ದಿನಕ್ಕೆ ಬರಹೇಳಿದೆ. ಈಗ ಯಂತ್ರಕ್ಕೆಂದೇ ಒಂದು ಇನ್ವರ್ಟರ್ ಇದೆ.

ಬೋರ್ಡಿನ ವಿಷಯ. ಆರಂಭದ ಹುಮ್ಮಸ್ಸಿನಲ್ಲಿ ಪೇಂಟರನಿಗೆ ನಾನೇ ಬರೆಸಿದ ಸಾಲು ‘ಕೋಶ ಪುನಶ್ಚೇತನ ಚಿಕಿತ್ಸೆ ಲಭ್ಯ’ ಎಂದಿತ್ತು. ಕೇಳಲು ಚೆನ್ನಾಗಿತ್ತು, ಸುಳ್ಳು ಎಂದೂ ಅನ್ನಿಸಿರಲಿಲ್ಲ. ಒಂದು ದಿನ ಅಂಕೋಲಾ ಕಡೆಯ ತಂದೆಯೊಬ್ಬರು, 22 ವರ್ಷದ ಮಗನ ದಪ್ಪನೆಯ ಫೈಲನ್ನು ಹಿಡಿದು ಬಂದು, ‘ಕೋಶ ಹಾಕುವ ಡಾಕ್ಟ್ರು ನೀವೇ ಅಲ್ಲವೋ?’ ಎಂದರು. ಮಗನಿಗೆ ಬಿ ಕೋಶದ (ಒಂದು ಬಗೆಯ ಬಿಳಿ ರಕ್ತಕಣದ) ಕ್ಯಾನ್ಸರ್, ಕೀಮೋ ನಂತರ ಮರಳಿ ಬಂದದ್ದು. ಫೈಲಿನ ನಡುವೆ ದೂರದ ನಗರದ ಖಾಸಗಿ ಕ್ಲಿನಿಕ್ಕೊಂದು ಕೊಟ್ಟ ದರಪಟ್ಟಿ ಇತ್ತು: ‘ರೋಗನಿರೋಧಕ ಕೋಶಗಳ ಪ್ಯಾಕೇಜ್’, ಆರು ಬಾರಿ, ಮುಂಗಡ ಪಾವತಿ. ಯಾವ ಕೋಶ, ಎಷ್ಟು, ಯಾವ ಪ್ರಯೋಗಾಲಯದಲ್ಲಿ ಬೆಳೆಸಿದ್ದು, ಯಾವ ಅನುಮತಿಯ ಮೇಲೆ ಎಂಬ ಒಂದಕ್ಷರವೂ ಅದರಲ್ಲಿರಲಿಲ್ಲ. ನನ್ನ ಬೋರ್ಡಿನಲ್ಲೂ ಇರಲಿಲ್ಲ.

ಅವರಿಗೆ ಅಂದು ಹೇಳಿದ್ದನ್ನು ಸ್ವಲ್ಪ ವಿಸ್ತರಿಸಿ ಬರೆಯುತ್ತೇನೆ. ನಿಜವಾದ ರೋಗನಿರೋಧಕ ಕೋಶ ಚಿಕಿತ್ಸೆ ಇದೆ, ಅದರ ಹೆಸರು ಕಾರ್–ಟಿ. ರೋಗಿಯ ಟಿ ಕೋಶಗಳೆಂಬ ಬಿಳಿ ರಕ್ತಕಣಗಳನ್ನು ರಕ್ತದಿಂದ ಬೇರ್ಪಡಿಸಿ, ವೈರಸ್ಸಿನ ವಾಹಕದ ಮೂಲಕ ಅವುಗಳಿಗೆ ಹೊಸ ಜೀನ್ ಸೇರಿಸಿ, ಬಿ ಕೋಶದ ಮೇಲಿರುವ ಸಿಡಿ19 ಎಂಬ ಗುರುತನ್ನು ಹಿಡಿಯುವಂತೆ ಮಾಡಿ, ಬೆಳೆಸಿ, ಮರಳಿ ಕೊಡುತ್ತಾರೆ. ಮುಂಬಯಿಯ ಐಐಟಿ ಮತ್ತು ಟಾಟಾ ಸ್ಮಾರಕ ಆಸ್ಪತ್ರೆಯ ಕೆಲಸದಿಂದ ಬಂದ ನೆಕ್ಸ್‌ಕಾರ್19ಕ್ಕೆ 2023ರಲ್ಲಿ ಅನುಮತಿ ಸಿಕ್ಕಿದೆ. ದೇಶದಲ್ಲೇ ತಯಾರಾದರೂ ವೆಚ್ಚ ಹತ್ತಾರು ಲಕ್ಷ. ಒಳಗೆ ಹೋದ ಕೋಶಗಳು ಕೆರಳಿದಾಗ ಬರುವ ತೀವ್ರ ಜ್ವರ, ರಕ್ತದೊತ್ತಡದ ಕುಸಿತ ಇವನ್ನು ನಿಭಾಯಿಸಲು ತೀವ್ರ ನಿಗಾ ಘಟಕ ಬೇಕು. ಹೊರರೋಗಿಯಾಗಿ ಕುರ್ಚಿಯಲ್ಲಿ ಕೂರಿಸಿ ಆರು ಬಾರಿ ಡ್ರಿಪ್ ಹಾಕಿ ಕಳುಹಿಸುವ ಬಾಬತ್ತು ಇದಲ್ಲ. ನಾನು ಮುಂಬಯಿಗೆ ಪತ್ರ ಬರೆದುಕೊಟ್ಟೆ. ಅವರು ಮರುದಿನವೇ ರೈಲು ಹತ್ತಿದರು. ಅಲ್ಲಿಂದಾಚೆಗಿನದು ಆ ಮನೆಯವರ ವಿಷಯ.

ಸಂಜೆಯೇ ಪೇಂಟರನನ್ನು ಕರೆಸಿ ಆ ಸಾಲನ್ನು ಅಳಿಸಿದೆ.

ನಮ್ಮ ಜಿಲ್ಲೆಯಲ್ಲಿ ಇಂಥ ಮಾತುಗಳು ಬೇಗ ನಾಟುತ್ತವೆ. ದೊಡ್ಡ ಕಾಯಿಲೆ ಎಂದರೆ ಕಾರವಾರದವರು ಗೋವಾಕ್ಕೆ, ಭಟ್ಕಳ, ಹೊನ್ನಾವರದವರು ಮಣಿಪಾಲ, ಮಂಗಳೂರಿಗೆ, ಘಟ್ಟದ ಮೇಲಿನ ನಾವು ಹುಬ್ಬಳ್ಳಿಗೆ ಓಡಬೇಕಾಗಿರುವಾಗ, ಊರಲ್ಲೇ ‘ಕೋಶ’ ಸಿಗುತ್ತದೆಂದರೆ ಯಾರು ಬೇಡವೆನ್ನುತ್ತಾರೆ? ಉಪಕರಣದ ಪ್ರತಿನಿಧಿಯೊಬ್ಬರು, ಹೊಟ್ಟೆಯ ಕೊಬ್ಬನ್ನು ಹೀರಿ, ಕಿಣ್ವದಲ್ಲಿ ಕರಗಿಸಿ, ಅದೇ ದಿನ ಮಂಡಿಗೆ ‘ಸ್ಟೆಮ್ ಸೆಲ್’ ಎಂದು ಚುಚ್ಚುವ ಕಿಟ್ ತಂದು ತೋರಿಸಿದ್ದರು. ಅಮೆರಿಕದ ಫ್ಲಾರಿಡಾದಲ್ಲಿ ಇದೇ ಬಗೆಯ ಕೊಬ್ಬಿನ ಕೋಶಗಳನ್ನು ಕಣ್ಣಿಗೆ ಚುಚ್ಚಿಸಿಕೊಂಡ ಮೂವರು ವೃದ್ಧೆಯರ ದೃಷ್ಟಿ ಹೋದದ್ದು 2017ರಲ್ಲಿ ವರದಿಯಾಗಿತ್ತು. ಅದೇ ವರ್ಷ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಾರ್ಗಸೂಚಿ, ರಕ್ತದ ಕಾಯಿಲೆಗಳಿಗೆ ಮಾಡುವ ಅಸ್ಥಿಮಜ್ಜೆಯ ಕಸಿಯಂಥದ್ದನ್ನು ಬಿಟ್ಟರೆ ಆಕರಕೋಶದ ಉಳಿದ ಬಳಕೆ ಅನುಮತಿ ಪಡೆದ ಪ್ರಯೋಗದೊಳಗೇ ನಡೆಯಬೇಕೆಂದಿತು. ಆಮೇಲೆ ಬೆಂಗಳೂರಿನಲ್ಲಿ ರೂಪಿಸಿದ, ದಾನಿಗಳ ಮಜ್ಜೆಯಿಂದ ಬೆಳೆಸಿದ ಕೋಶಗಳ ಒಂದು ಉತ್ಪನ್ನಕ್ಕೆ ಮಂಡಿ ಸವೆತಕ್ಕೂ ಅನುಮತಿ ಸಿಕ್ಕಿದೆ, ನಿಜ. ಆದರೆ ಪರೀಕ್ಷೆಗೊಳಪಟ್ಟು ಔಷಧವಾಗಿ ಬಂದದ್ದು ಬೇರೆ, ಕಿಟ್ಟಿನಲ್ಲಿ ಕಲಸಿದ್ದು ಬೇರೆ.

ಹಾಗೆಂದು ನನ್ನ ಪಿಆರ್‌ಪಿಯನ್ನೂ ಎತ್ತರದಲ್ಲಿ ಕೂರಿಸಲಾರೆ. 2021ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನದಲ್ಲಿ ಮಂಡಿ ಸವೆದ 288 ಜನರಿಗೆ ವಾರಕ್ಕೊಂದರಂತೆ ಮೂರು ಚುಚ್ಚುಮದ್ದು ಕೊಟ್ಟರು, ಕೆಲವರಿಗೆ ಪಿಆರ್‌ಪಿ, ಕೆಲವರಿಗೆ ಬರೀ ಉಪ್ಪುನೀರು. ವರ್ಷದ ಕೊನೆಗೆ ನೋವಿನಲ್ಲಾಗಲಿ ಮೃದ್ವಸ್ಥಿಯಲ್ಲಾಗಲಿ ಗಣನೀಯ ವ್ಯತ್ಯಾಸವಿರಲಿಲ್ಲ. ಬೇರೆ ಅಧ್ಯಯನಗಳು ಅನುಕೂಲವನ್ನೂ ಕಂಡಿವೆ. ಇದನ್ನು ರೋಗಿಗೆ ಹೇಳಿ, ತೊಡೆಯ ಸ್ನಾಯುವಿನ ವ್ಯಾಯಾಮವನ್ನು ಆರು ವಾರ ಮಾಡಿಸಿ, ಆಮೇಲೂ ಬೇಕೆಂದವರಿಗೆ ಮಾತ್ರ ಕೊಡುತ್ತೇನೆ. ಅರ್ಧಕ್ಕರ್ಧ ಜನ ಆಮೇಲೆ ಸೂಜಿಯ ಮಾತೆತ್ತುವುದಿಲ್ಲ.

ಕರೆಂಟು ಕೈಕೊಟ್ಟ ದಿನದ ಆ ಹೆಂಗಸು ಮತ್ತೆ ಬಂದು ಚುಚ್ಚಿಸಿಕೊಂಡು ಹೋಗಿದ್ದರು. ಮೊನ್ನೆ ಬಂದಾಗ, ಸುಲಿಯಲು ಕುಳಿತರೂ ಈಗ ನೋವಿಲ್ಲ, ನಿಮ್ಮ ರಕ್ತದ ಇಂಜೆಕ್ಷನ್ ಬಹಳ ಚಲೋ ಆಯಿತು ಎಂದರು. ಮಾತಿನ ಕೊನೆಗೆ, ಮಗ ಮೆಟ್ಟುಗತ್ತಿಯನ್ನು ಕಬ್ಬಿಣದ ಸ್ಟ್ಯಾಂಡಿಗೆ ವೆಲ್ಡ್ ಮಾಡಿಸಿಕೊಟ್ಟಿದ್ದಾನೆ, ಈ ವರ್ಷ ಕುರ್ಚಿಯ ಮೇಲೆ ಕುಳಿತೇ ಸುಲಿಯುತ್ತಿದ್ದೇನೆ ಎಂದೂ ಸೇರಿಸಿದರು. ನೋಟ್‌ಬುಕ್ಕಿನಲ್ಲಿ ಅವರ ಹೆಸರಿನ ಮುಂದೆ ಎರಡನ್ನೂ ಬರೆದುಕೊಂಡೆ.