ಧೈರ್ಯ ಬರಲಿ ಅಂತ ಕಾಯಬೇಡಿ

‘ಸ್ವಲ್ಪ ಆತ್ಮವಿಶ್ವಾಸ ಬರಲಿ, ಆಮೇಲೆ ಮೀಟಿಂಗ್‌ನಲ್ಲಿ ಮಾತಾಡ್ತೀನಿ’ ಅಂತ ಹೇಳುವವರು ತುಂಬಾ ಜನ. ಹಾಗೆ ಕಾದು ಕೂತವರಿಗೆ ಆ ದಿನ ಬರುವುದೇ ಇಲ್ಲ, ಯಾಕೆಂದರೆ ಇದು ನಡೆಯುವುದು ಉಲ್ಟಾ. ಮೊದಲು ಮಾಡಬೇಕು, ನಂಬಿಕೆ ಆಮೇಲೆ ಬರುತ್ತದೆ.

ಆಲ್ಬರ್ಟ್ ಬಂಡೂರ ಎಂಬ ಮನಶ್ಶಾಸ್ತ್ರಜ್ಞ 1977ರಲ್ಲೇ ಇದನ್ನು ಬಿಡಿಸಿ ಹೇಳಿದ್ದರು. ‘ಇದು ನನ್ನ ಕೈಲಾಗುತ್ತೆ’ ಅನ್ನುವ ನಂಬಿಕೆ ನಾಲ್ಕು ಕಡೆಯಿಂದ ಬರುತ್ತದಂತೆ: ನಾವೇ ಮಾಡಿ ಗೆದ್ದದ್ದು, ನಮ್ಮಂಥವರು ಮಾಡಿದ್ದನ್ನು ನೋಡಿದ್ದು, ಬೇರೆಯವರು ಹುರಿದುಂಬಿಸಿದ್ದು, ಆ ಹೊತ್ತಿನಲ್ಲಿ ನಮ್ಮ ಮೈ ಮನಸ್ಸು ಹೇಗಿದೆ ಅನ್ನುವುದು. ಇದರಲ್ಲಿ ಮೊದಲನೆಯದೇ ಎಲ್ಲಕ್ಕಿಂತ ಗಟ್ಟಿ. ನಾವು ಮಾತ್ರ ಮೂರನೆಯದಕ್ಕೆ ಜೋತು ಬೀಳುತ್ತೇವೆ, ಯಾರಾದರೂ ಬಂದು ಬೆನ್ನು ತಟ್ಟಲಿ ಅಂತ.

ಹಾಗಾಗಿ ಮೊದಲು ಜಾಗ ಗುರುತಿಸಿ. ‘ನನಗೆ ಆತ್ಮವಿಶ್ವಾಸ ಇಲ್ಲ’ ಅನ್ನುವುದು ಸುಮ್ನೆ ಒಂದು ದೊಡ್ಡ ಮಾತು. ಫೋನಿನಲ್ಲಿ ಯಾರ ಜೊತೆ ಬೇಕಾದರೂ ಜಗಳಕ್ಕೆ ನಿಲ್ಲುವವರು ಹತ್ತು ಜನರ ಎದುರು ಬಾಯಿ ಬಿಡುವುದಿಲ್ಲ, ಅಲ್ವಾ? ಎಲ್ಲಿ ಕುಗ್ಗುತ್ತೀರಿ, ಯಾರ ಎದುರು, ಯಾವ ಕೆಲಸದಲ್ಲಿ ಅಂತ ಒಂದೇ ಸಾಲಿನಲ್ಲಿ ಬರೆಯಿರಿ. ಅದೊಂದರ ಮೇಲೆ ಮಾತ್ರ ಕೆಲಸ ಶುರು ಮಾಡಿ.

ಮೀಟಿಂಗ್ ಭಯವನ್ನೇ ತಗೊಳ್ಳಿ. ಹಿಂದಿನ ದಿನವೇ ಒಂದು ಪ್ರಶ್ನೆ ಬರೆದಿಟ್ಟುಕೊಳ್ಳಿ. ಅಭಿಪ್ರಾಯ ಬೇಡ, ಪ್ರಶ್ನೆ ಸಾಕು. ಅದನ್ನು ಎರಡು ಸಲ ಜೋರಾಗಿ ಹೇಳಿ ನೋಡಿ, ಮನಸ್ಸಿನಲ್ಲಿ ಸಲೀಸಾಗಿ ಓಡುವ ವಾಕ್ಯ ನಾಲಿಗೆಗೆ ಬಂದಾಗ ಎಡವುತ್ತದೆ. ಮೀಟಿಂಗ್ ಶುರುವಾಗಿ ಸ್ವಲ್ಪ ಹೊತ್ತಿನಲ್ಲೇ ಕೇಳಿಬಿಡಿ, ತಡ ಮಾಡಿದಷ್ಟೂ ಎದೆಬಡಿತ ಏರುತ್ತಾ ಹೋಗುತ್ತದೆ. ‘ಇದು ದಡ್ಡ ಪ್ರಶ್ನೆ ಇರಬಹುದು, ಆದ್ರೂ...’ ಅಂತ ಪೀಠಿಕೆ ಹಾಕಬೇಡಿ. ಕೇಳಿದ ಮೇಲೆ ಬಾಯಿ ಮುಚ್ಚಿ. ಇಲ್ಲೇ ಬಹಳ ಜನ ಜಾರುವುದು. ಎರಡು ಸೆಕೆಂಡ್ ಯಾರೂ ಮಾತಾಡದಿದ್ದರೆ ಗಾಬರಿಯಾಗಿ ‘ಅಲ್ಲ, ಸುಮ್ನೆ ಕೇಳ್ದೆ, ಬಿಡಿ’ ಅಂದುಬಿಡುತ್ತಾರೆ, ಅಷ್ಟು ಕಷ್ಟಪಟ್ಟು ಕೇಳಿದ್ದನ್ನು ತಾವೇ ಅಳಿಸಿಹಾಕುತ್ತಾರೆ.

ಧ್ವನಿ ನಡುಗಿದರೆ? ನಡುಗಲಿ. ನಿಮಗೆ ಅನ್ನಿಸಿದಷ್ಟು ಅದು ಬೇರೆಯವರಿಗೆ ಕಾಣುವುದಿಲ್ಲ. ಥಾಮಸ್ ಗಿಲೊವಿಚ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಒಂದು ಪ್ರಯೋಗ ತಮಾಷೆಯಾಗಿದೆ. ಮುಜುಗರ ಆಗುವಂಥ ಟೀ ಶರ್ಟ್ ಹಾಕಿಸಿ ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಬೇರೆಯವರು ಕೂತಿದ್ದ ಕೋಣೆಗೆ ಕಳಿಸಿದರು. ಹೆಚ್ಚುಕಡಿಮೆ ಅರ್ಧ ಜನ ಗಮನಿಸಿರುತ್ತಾರೆ ಅಂತ ಹಾಕಿಕೊಂಡವರ ಅಂದಾಜು. ನಿಜವಾಗಿ ಗಮನಿಸಿದ್ದು ಅದರಲ್ಲೂ ಅರ್ಧದಷ್ಟು ಮಂದಿ. ಇನ್ನೊಂದು, ‘ಶಾಂತವಾಗಿರು’ ಅಂತ ಎದೆಗೆ ಬುದ್ಧಿ ಹೇಳುವುದಕ್ಕಿಂತ ‘ನನಗೆ ಉತ್ಸಾಹ ಆಗ್ತಿದೆ’ ಅಂತ ಹೇಳಿಕೊಳ್ಳುವುದು ಕೆಲಸ ಮಾಡುತ್ತದೆ. ಆಲಿಸನ್ ವುಡ್ ಬ್ರೂಕ್ಸ್ 2014ರ ಅಧ್ಯಯನದಲ್ಲಿ ಭಾಷಣ, ಹಾಡು, ಗಣಿತ ಮೂರರಲ್ಲೂ ಇದನ್ನು ನೋಡಿದರು. ಆದರೆ ಭಯ ಕೆಲಸಕ್ಕೇ ಹೋಗದಂತೆ, ಜನರನ್ನೇ ತಪ್ಪಿಸುವಂತೆ ಮಾಡುತ್ತಿದ್ದರೆ ಇಂಥ ಉಪಾಯ ಸಾಲದು, ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ನೋಡಿ.

ಕನ್ನಡಿ ಎದುರು ನಿಂತು ‘ನಾನು ಗ್ರೇಟ್’ ಅನ್ನುವ ಅಭ್ಯಾಸ ನನಗಂತೂ ಒಗ್ಗುವುದಿಲ್ಲ. ಜೊಆನ್ ವುಡ್ ತಂಡ 2009ರಲ್ಲಿ ಕಂಡದ್ದು ಏನೆಂದರೆ, ತಮ್ಮ ಬಗ್ಗೆ ಮೊದಲೇ ಕೀಳಾಗಿ ಭಾವಿಸುವವರು ‘ನಾನು ಪ್ರೀತಿಗೆ ಅರ್ಹ’ ಅಂತ ಹೇಳಿಕೊಂಡಾಗ ಇನ್ನಷ್ಟು ಕುಗ್ಗಿದರು. ಒಳಗಿನ ಮನಸ್ಸು ‘ಸುಳ್ಳು’ ಅಂತ ವಾದಕ್ಕೆ ನಿಲ್ಲುತ್ತದಲ್ಲ, ಅದಕ್ಕೇ ಇರಬೇಕು. ಅದರ ಬದಲು ಪುರಾವೆ ಕೂಡಿಡಿ. ‘ಇವತ್ತು ಚೆನ್ನಾಗಿ ಮಾಡಿದೆ’ ಅಂತ ಬರೆದರೆ ಪ್ರಯೋಜನ ಇಲ್ಲ. ‘ವರದಿಯಲ್ಲಿದ್ದ ತಪ್ಪು ಲೆಕ್ಕ ನನ್ನ ಕಣ್ಣಿಗೆ ಬಿತ್ತು, ಹೇಳಿದೆ, ಅವರು ತಿದ್ದಿದರು’ ಅಂತ ಬರೆಯಿರಿ. ನಡೆದದ್ದನ್ನು ಇಲ್ಲ ಅನ್ನಲು ಮನಸ್ಸಿಗೂ ಆಗುವುದಿಲ್ಲ.

ಮನೆಯಲ್ಲಿ, ಸ್ನೇಹಿತರಲ್ಲಿ ಜಾಸ್ತಿ ಕಷ್ಟ ಆಗುವುದು ‘ಆಗಲ್ಲ’ ಅನ್ನಲು. ಥಟ್ಟನೆ ಹೂಂ ಅನ್ನುವ ಚಟ ಇದ್ದರೆ ‘ನೋಡಿಕೊಂಡು ನಾಳೆ ಹೇಳ್ತೀನಿ’ ಅನ್ನುವುದನ್ನು ರೂಢಿ ಮಾಡಿಕೊಳ್ಳಿ. ನಾಳೆ ನಿಜವಾಗಿ ಹೇಳಿ, ಮುಖ ತಪ್ಪಿಸಬೇಡಿ. ಕಾರಣ ಒಂದೇ ಕೊಡಿ. ಮೂರು ಕಾರಣ ಕೊಟ್ಟರೆ ಎದುರಿನವರು ಒಂದೊಂದಕ್ಕೂ ಪರಿಹಾರ ಹುಡುಕಿಕೊಡುತ್ತಾರೆ, ಕೊನೆಗೆ ನೀವು ಒಪ್ಪಿಕೊಂಡು ಬಂದಿರುತ್ತೀರಿ.

ಕೆಲವು ಸಲ ಕೆಟ್ಟದಾಗಿಯೇ ಆಗುತ್ತದೆ. ಪ್ರಶ್ನೆಗೆ ಯಾರೋ ನಗುತ್ತಾರೆ, ಅರ್ಧ ವಾಕ್ಯದಲ್ಲಿ ಮಾತು ನಿಂತುಹೋಗುತ್ತದೆ. ಆಗ ಒಂದು ತಿಂಗಳು ಸುಮ್ಮನಾದರೆ ಭಯ ಅಲ್ಲೇ ಬೇರು ಬಿಡುತ್ತದೆ. ಅದೇ ವಾರ ಇನ್ನೊಮ್ಮೆ ಮಾಡಿ, ಆದರೆ ಇನ್ನೂ ಸಣ್ಣದಾಗಿ: ಹತ್ತು ಜನರ ಎದುರು ಆಗದಿದ್ದರೆ ಮೂರು ಜನರ ಎದುರು, ಅದೂ ಆಗದಿದ್ದರೆ ಮೀಟಿಂಗ್ ಮುಗಿದ ಮೇಲೆ ಒಬ್ಬರ ಹತ್ತಿರ ಹೋಗಿ ಅದೇ ಪ್ರಶ್ನೆ ಕೇಳಿ.