ಮಂಗಳೂರಿನ ವರ್ತಕನ ಜಾಡು ಹಿಡಿದು ಕೈರೋದ ಯಹೂದಿ ಬೀದಿಗಳಲ್ಲಿ

ಹನ್ನೆರಡನೆಯ ಶತಮಾನದಲ್ಲಿ ಮಂಗಳೂರಿನಲ್ಲಿ ಮನೆ ಮಾಡಿಕೊಂಡಿದ್ದ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕನ ವಿಚಾರವನ್ನು ನಾನು ಕಾಲೇಜಿನಲ್ಲಿ ಅನೇಕ ವರ್ಷ ಪಾಠ ಮಾಡಿದ್ದೆ; ಅವನ ಕಾಗದಪತ್ರಗಳು ಏಳು ಶತಮಾನಕ್ಕೂ ಹೆಚ್ಚು ಕಾಲ ಕೆಡದೆ ಉಳಿದುಕೊಂಡ ಕೈರೋದ ಆ ಕೋಣೆಯನ್ನು ಮಾತ್ರ ನೋಡಿರಲಿಲ್ಲ. ನಿವೃತ್ತಿಯಾದ ಮೇಲೆ, ದಕ್ಷಿಣ ಕನ್ನಡದ ಎಂಟು ಮಂದಿ ಆಸಕ್ತರನ್ನು ಜೊತೆಗೆ ಕರೆದುಕೊಂಡು, ಈಜಿಪ್ಟಿನ ಯಹೂದಿ ಪರಂಪರೆಯನ್ನಷ್ಟೇ ನೋಡುವ ಐದು ದಿನಗಳ ಪ್ರವಾಸವನ್ನು ನಾನೇ ರೂಪಿಸಿ ನಡೆಸಿದೆ. ಅದನ್ನು ಹೇಗೆ ಮಾಡಿದೆ, ಎಲ್ಲಿ ಎಡವಿದೆ ಎಂಬುದನ್ನು ಮುಂದೆ ಹೋಗುವವರಿಗೆ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ.

ಬೆನ್ ಯಿಜು ಹುಟ್ಟಿದ್ದು ಇಂದಿನ ಟ್ಯುನೀಷಿಯಾದ ಮಹ್ದಿಯಾ ಎಂಬ ಬಂದರಿನಲ್ಲಿ. ಯೆಮೆನ್ನಿನ ಏಡನ್ ಬಂದರಿನ ಮಾರ್ಗವಾಗಿ ನಮ್ಮ ಕರಾವಳಿಗೆ ಬಂದ ಅವನು ಆಳುಪರ ಕಾಲದ ಮಂಗಳೂರಿನಲ್ಲಿ ನೆಲೆನಿಂತು, ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸಿದ. ಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣಗಳನ್ನು ಹಡಗಿಗೇರಿಸಿದ. ಆಶು ಎಂಬ ದಾಸಿಯನ್ನು 1132ರಲ್ಲಿ ಮಂಗಳೂರಿನಲ್ಲೇ ಬಿಡುಗಡೆ ಮಾಡಿದ ದಾಖಲೆ ಇಂದಿಗೂ ಇದೆ. ಅವಳನ್ನೇ ಅವನು ಮದುವೆಯಾದನೆಂದು ಈ ಪತ್ರಗಳನ್ನು ಓದಿದ ವಿದ್ವಾಂಸರು ನಂಬುತ್ತಾರೆ. ಮಂಜರೂರ್ ಎಂಬುದು ಆ ಪತ್ರಗಳಲ್ಲಿ ನಮ್ಮ ಊರಿನ ಹೆಸರು. 1149ರಲ್ಲಿ ಅವನು ಏಡನ್ನಿಗೆ ಮರಳಿದ, ಕೊನೆಗೆ ಈಜಿಪ್ಟನ್ನು ಸೇರಿದ, ಜೊತೆಯಲ್ಲಿ ತನ್ನ ಕಾಗದದ ಕಟ್ಟನ್ನೂ ತಂದ. ಆದ್ದರಿಂದ ಮಂಗಳೂರಿನವರಾದ ನಮಗೆ ಕೈರೋ ತೀರ ಪರಸ್ಥಳವಲ್ಲ ಎಂಬುದೇ ಈ ಪ್ರವಾಸಕ್ಕೆ ನನ್ನ ಆಧಾರವಾಗಿತ್ತು.

ಸಿದ್ಧತೆಗೆ ಆರು ತಿಂಗಳು ಹಿಡಿಯಿತು. ಈಜಿಪ್ಟಿನಲ್ಲಿ ಸ್ಮಾರಕಗಳ ಒಳಗೆ ವಿವರಣೆ ಕೊಡುವ ಅಧಿಕಾರ ಸರಕಾರದ ಪರವಾನಗಿ ಪಡೆದ ಸ್ಥಳೀಯ ಮಾರ್ಗದರ್ಶಕರಿಗೆ ಮಾತ್ರ ಇರುವುದರಿಂದ, ನಾನು ಎಷ್ಟೇ ಓದಿಕೊಂಡಿದ್ದರೂ ಅಲ್ಲಿ ನಿಂತು ಪಾಠ ಮಾಡುವಂತಿರಲಿಲ್ಲ. ಮಾರ್ಗದರ್ಶಕರಲ್ಲಿ ಹೆಚ್ಚಿನವರು ಫೇರೋಗಳ ಕಾಲವನ್ನು ಓದಿ ಬಂದವರು. ಯಹೂದಿ ಚರಿತ್ರೆಯನ್ನು ಆಸ್ಥೆಯಿಂದ ಹೇಳಬಲ್ಲವರನ್ನು ಹುಡುಕಿಯೇ ತೆಗೆಯಬೇಕು. ನಾನು ನಾಲ್ವರೊಂದಿಗೆ ವಿಡಿಯೋ ಕರೆಯಲ್ಲಿ ಮಾತಾಡಿ, ಪ್ರತಿಯೊಬ್ಬರಿಗೂ ಒಂದೇ ಪ್ರಶ್ನೆ ಕೇಳಿದೆ: ಈ ಸಮುದಾಯ ಏಕೆ ಹೊರಟುಹೋಯಿತು ಎಂದು ನಮ್ಮವರು ಕೇಳಿದರೆ ನೀವು ಏನು ಹೇಳುತ್ತೀರಿ? ಮೂವರು ಅದು ರಾಜಕೀಯ, ಬಿಟ್ಟುಬಿಡೋಣ ಎಂದರು. ನಾಲ್ಕನೆಯವರಾದ ಮಧ್ಯವಯಸ್ಕ ಮಹಿಳೆಯೊಬ್ಬರು ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮ ಅಜ್ಜಿಯ ಮನೆಯ ಮಹಡಿಯಲ್ಲಿ ಯಹೂದಿ ದರ್ಜಿಯೊಬ್ಬರ ಸಂಸಾರವಿತ್ತೆಂದೂ, ಅವರು 1956ರಲ್ಲಿ ಹೊರಟಾಗ ಅಜ್ಜಿಯ ಕೈಯಲ್ಲಿ ಕೊಟ್ಟುಹೋದ ಹೊಲಿಗೆ ಯಂತ್ರ ಇನ್ನೂ ತಮ್ಮ ಮನೆಯಲ್ಲಿದೆಯೆಂದೂ ಹೇಳಿದರು. ಆ ಕರೆ ಮುಗಿಯುವ ಮೊದಲೇ ನಾನು ಅವರನ್ನು ಗೊತ್ತುಮಾಡಿಕೊಂಡೆ. ಪ್ರವಾಸದುದ್ದಕ್ಕೂ ನಾವೆಲ್ಲರೂ ಅವರನ್ನು ಅಲ್ಲಿನ ರೂಢಿಯಂತೆ ಉಸ್ತಾಜಾ, ಅಂದರೆ ಮೇಡಂ, ಎಂದೇ ಕರೆದೆವು.

ನಮ್ಮ ದಾರಿಯನ್ನು ನಾನು ಕಾಲದ ಹಿಮ್ಮುಖವಾಗಿ ಹಾಕಿದೆ. ಇಪ್ಪತ್ತನೆಯ ಶತಮಾನದ ಅಲೆಕ್ಸಾಂಡ್ರಿಯಾದಿಂದ ಹೊರಟು, ಕೈರೋ ಪೇಟೆಯ ಮೂಲಕ ಹಿಂದೆ ಸರಿಯುತ್ತ, ಕೊನೆಯ ದಿನ ಹನ್ನೆರಡನೆಯ ಶತಮಾನದ ಫುಸ್ತಾತ್, ಅಂದರೆ ಹಳೆಯ ಕೈರೋ, ತಲುಪುವುದು ನನ್ನ ಯೋಜನೆ. ಹಳೆಯದರಿಂದ ಹೊಸದಕ್ಕೆ ಬಂದರೆ ಕಥೆ ಮುಚ್ಚಿದ ಬಾಗಿಲುಗಳ ಮುಂದೆ ನಿಂತುಬಿಡುತ್ತದೆ. ಹಿಂದಕ್ಕೆ ಹೋದರೆ ಒಂದೊಂದೇ ಬಾಗಿಲು ತೆರೆದು ಜನ ಒಳಗೆ ಕಾಣಿಸತೊಡಗುತ್ತಾರೆ ಎಂಬುದು ನನ್ನ ಎಣಿಕೆಯಾಗಿತ್ತು, ಅದು ಸುಳ್ಳಾಗಲಿಲ್ಲ.

ಅಲೆಕ್ಸಾಂಡ್ರಿಯಾದ ನಬಿ ದಾನಿಯಾಲ್ ರಸ್ತೆಯಲ್ಲಿರುವ ಎಲಿಯಾಹು ಹನಾವಿ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ, ಹದಿನಾಲ್ಕನೆಯ ಶತಮಾನದಲ್ಲಿ ಸ್ಥಾಪನೆಯಾದದ್ದು. ನೆಪೋಲಿಯನ್ನನ ಸೇನೆಯ ದಾಳಿಯಲ್ಲಿ ಹಾನಿಗೊಂಡ ಅದನ್ನು 1850ರಲ್ಲಿ ಮತ್ತೆ ಕಟ್ಟಿದರು. ಚಾವಣಿ ಕುಸಿದು ಮುಚ್ಚಿದ್ದನ್ನು ಈಜಿಪ್ಟ್ ಸರಕಾರ ದುರಸ್ತಿ ಮಾಡಿಸಿ 2020ರ ಜನವರಿಯಲ್ಲಿ ತೆರೆಯಿತು. ಸುಮಾರು ಏಳು ನೂರು ಜನ ಕೂರಬಹುದಾದ ವಿಶಾಲ ಸಭಾಂಗಣ, ಅಮೃತಶಿಲೆಯ ಕಂಬಗಳು. ನಮ್ಮ ಕಣ್ಣು ಹೋದದ್ದು ಮಾತ್ರ ಮರದ ಆಸನಗಳ ಮೇಲೆ ಬಡಿದಿರುವ ಚಿಕ್ಕ ಹಿತ್ತಾಳೆಯ ಹೆಸರುಫಲಕಗಳ ಕಡೆಗೆ. ವಾರವಾರವೂ ಒಂದೇ ಜಾಗದಲ್ಲಿ ಬಂದು ಕೂರುತ್ತಿದ್ದವರ ಹೆಸರುಗಳು ಅವು. ಉಸ್ತಾಜಾ ಏನೂ ವಿವರಿಸದೆ, ನೀವೇ ಒಂದೊಂದು ಸಾಲು ಓದಿಕೊಂಡು ಬನ್ನಿ ಎಂದರು. ನಾವು ಒಂಬತ್ತು ಮಂದಿ ಬೇರೆಬೇರೆ ಸಾಲುಗಳಲ್ಲಿ ಬಗ್ಗಿ ಹೆಸರುಗಳನ್ನು ಓದುತ್ತ ಅರ್ಧ ಗಂಟೆ ಕಳೆದೆವು. ಅಷ್ಟು ಹೊತ್ತು ಯಾರೂ ಮೊಬೈಲ್ ಹೊರತೆಗೆಯಲಿಲ್ಲ.

ಸಮುದಾಯ ಹೊರಟುಹೋದ ಕಥೆಯನ್ನು ಎಲ್ಲಿ ಹೇಳಬೇಕು ಎಂಬುದನ್ನು ನಾವಿಬ್ಬರೂ ಮೊದಲೇ ನಿಶ್ಚಯಿಸಿದ್ದೆವು. ಬೀದಿಯಲ್ಲಿ, ಕಾವಲಿನ ಪೊಲೀಸರ ಎದುರಿನಲ್ಲಿ ಅವಸರದಿಂದ ಹೇಳುವ ಮಾತು ಅದಲ್ಲ. ಕೈರೋಗೆ ಮರಳುವ ಬಸ್ಸಿನಲ್ಲಿ ಉಸ್ತಾಜಾ ಒಂದು ಗಂಟೆ ಮಾತಾಡಿದರು: 1947ರ ಜನಗಣತಿಯಲ್ಲಿ 65 ಸಾವಿರಕ್ಕೂ ಹೆಚ್ಚು ಯಹೂದಿಗಳಿದ್ದ ದೇಶದಲ್ಲಿ 1948ರ ಯುದ್ಧ, ಆ ವರ್ಷ ಕೈರೋದ ಯಹೂದಿ ಕೇರಿಯಲ್ಲಿ ನಡೆದ ಬಾಂಬ್ ಸ್ಫೋಟ, 1954ರಲ್ಲಿ ಇಸ್ರೇಲಿನ ಬೇಹುಗಾರಿಕೆ ಜಾಲ ಸಿಕ್ಕಿಬಿದ್ದಾಗ ಇಡೀ ಸಮುದಾಯದ ಮೇಲೆ ಬಿದ್ದ ಸಂಶಯ, 1956ರ ಸೂಯೆಜ್ ಯುದ್ಧದ ನಂತರದ ಗಡೀಪಾರು ಮತ್ತು ಆಸ್ತಿ ಮುಟ್ಟುಗೋಲು, 1967ರಲ್ಲಿ ಗಂಡಸರ ಬಂಧನ, ಹೀಗೆ ಒಂದರ ಮೇಲೊಂದು ಬಂದು, ಇಂದು ಬೆರಳಲ್ಲಿ ಎಣಿಸುವಷ್ಟು ಜನ ಮಾತ್ರ ಉಳಿದಿದ್ದಾರೆ. ಯಾರನ್ನೂ ಸಮರ್ಥಿಸದೆ, ಯಾವುದನ್ನೂ ಮುಚ್ಚಿಡದೆ ಅವರು ಹೇಳಿದ ರೀತಿ ನನಗೆ ಬಹಳ ಹಿಡಿಸಿತು. ಇಂಥ ಪ್ರವಾಸ ಮಾಡಿಸುವವರು ಈ ಭಾಗವನ್ನು ನುಂಗಿಕೊಂಡು ಬರಿಯ ಸೌಹಾರ್ದದ ಕಥೆ ಹೇಳಿದರೆ ಹೆಸರುಫಲಕಗಳಲ್ಲಿರುವವರಿಗೆ ಅನ್ಯಾಯ ಮಾಡಿದಂತಾಗುತ್ತದೆ. ಕಹಿಯನ್ನಷ್ಟೇ ಹೇಳಿದರೆ ಅಜ್ಜಿಯ ಮನೆಯ ಹೊಲಿಗೆ ಯಂತ್ರಕ್ಕೆ ಜಾಗವಿರುವುದಿಲ್ಲ.

ಮೂರನೆಯ ದಿನ ನಾನು ಎಡವಿದೆ. ಕೈರೋದ ಅದ್ಲಿ ರಸ್ತೆಯ ಶಾರ್ ಹಶಮಾಯಿಮ್ ಸಿನಗಾಗಿಗೆ ಸದಾ ಬಿಗಿ ಕಾವಲಿರುತ್ತದೆ. ನಾವು ಪಾಸ್‌ಪೋರ್ಟ್ ಪ್ರತಿಗಳನ್ನು ಮುಂಚಿತವಾಗಿ ಕಳುಹಿಸಿ ಅನುಮತಿ ಪಡೆಯಬೇಕಾಗಿತ್ತು. ಆ ಕೆಲಸವನ್ನು ಪ್ರಯಾಣದ ಏಜೆಂಟರೊಬ್ಬರಿಗೆ ಒಪ್ಪಿಸಿ ನಾನು ನಿಶ್ಚಿಂತಳಾಗಿದ್ದೆ. ಬಾಗಿಲಲ್ಲಿ ಪಟ್ಟಿ ತೆಗೆದಾಗ ನಮ್ಮವರಲ್ಲಿ ಐವರ ಹೆಸರುಗಳು ಪಾಸ್‌ಪೋರ್ಟಿನಲ್ಲಿದ್ದಂತೆ ಇರಲಿಲ್ಲ. ಇನಿಷಿಯಲ್ ಹಿಂದೆ, ಮನೆಯ ಹೆಸರು ಮುಂದೆ, ಕೆಲವರದ್ದು ಅರ್ಧವೇ ಇಲ್ಲ. ಅಧಿಕಾರಿ ಸೌಜನ್ಯದಿಂದಲೇ ಆಗುವುದಿಲ್ಲ ಎಂದರು. 1899ರಲ್ಲಿ ಕಟ್ಟಿದ, ಪ್ರಾಚೀನ ಈಜಿಪ್ಟಿನ ದೇಗುಲವನ್ನು ನೆನಪಿಸುವ, ಖರ್ಜೂರದ ಮರಗಳ ಉಬ್ಬುಶಿಲ್ಪವಿರುವ ಆ ಮುಂಗೋಡೆಯನ್ನು ನಾವು ರಸ್ತೆಯ ಆಚೆಯಿಂದ ನೋಡಿ ತೃಪ್ತಿಪಡಬೇಕಾಯಿತು. ದಕ್ಷಿಣ ಭಾರತದ ಹೆಸರುಗಳನ್ನು ಕೊಂಡೊಯ್ಯುವವರು ಪಾಸ್‌ಪೋರ್ಟಿನ ಅಕ್ಷರಕ್ರಮವನ್ನೇ ಪಟ್ಟಿಗೆ ಇಳಿಸಿ, ಕಳುಹಿಸುವ ಮೊದಲು ಒಬ್ಬೊಬ್ಬರಿಂದಲೂ ಓದಿಸಿ ಒಪ್ಪಿಗೆ ಪಡೆಯಬೇಕು. ಬೇರೆಯವರ ಕೈಗೆ ಬಿಡಬಾರದು. ಹಾಗೆಯೇ ಶುಕ್ರವಾರವನ್ನೂ ಶನಿವಾರವನ್ನೂ ಇಂಥ ಭೇಟಿಗಳಿಗೆ ಇಟ್ಟುಕೊಳ್ಳದಿರುವುದು ಒಳ್ಳೆಯದು.

ಉಳಿದ ಹೊತ್ತನ್ನು ಪೇಟೆಯಲ್ಲಿ ಕಳೆದೆವು. ಯಹೂದಿ ವರ್ತಕರಾದ ಚಿಕುರೆಲ್ ಕುಟುಂಬದ ದೊಡ್ಡ ಅಂಗಡಿಯ ಕಟ್ಟಡ, ಚಿತ್ರತಾರೆ ಮತ್ತು ಗಾಯಕಿ ಲೈಲಾ ಮುರಾದ್‌ಳ ಕಾಲದ ಸಿನಿಮಾ ಬೀದಿಗಳು. ಅವಳು ಯಹೂದಿ ಸಂಗೀತಗಾರನ ಮಗಳು. ಮುಸ್ಕಿ ಪೇಟೆಬೀದಿಯ ಹಿಂದಿನ ಹಾರತ್ ಅಲ್-ಯಹೂದ್, ಅಂದರೆ ಯಹೂದಿ ಕೇರಿ, ಈಗ ಗೋದಾಮು ಮತ್ತು ಚಿಲ್ಲರೆ ಅಂಗಡಿಗಳ ಇಕ್ಕಟ್ಟಿನ ಓಣಿ. ಅಲ್ಲಿ 2010ರಲ್ಲಿ ದುರಸ್ತಿಯಾದ ಮೈಮೋನಿಡೀಸ್ ಸಿನಗಾಗ್ ಇದೆ. ಅರಬ್ಬರು ಮೂಸಾ ಇಬ್ನ್ ಮೈಮೂನ್ ಎನ್ನುವ ಈ ಮಹಾ ತತ್ತ್ವಜ್ಞಾನಿ ಸುಲ್ತಾನ ಸಲಾದೀನನ ಆಸ್ಥಾನಕ್ಕೆ ವೈದ್ಯನಾಗಿದ್ದವನು. ಅವನ ತಮ್ಮ ದಾವೀದ್ ಹರಳು ವ್ಯಾಪಾರಿ. ಭಾರತಕ್ಕೆ ಹೊರಟ ಹಡಗು ಮುಳುಗಿ ಸತ್ತ. ಆ ದುಃಖದಲ್ಲಿ ಅಣ್ಣ ಬಹುಕಾಲ ಹಾಸಿಗೆ ಹಿಡಿದನೆಂದು ಅವನದೇ ಪತ್ರದಿಂದ ತಿಳಿಯುತ್ತದೆ. ನಮ್ಮ ಕಡಲಿನ ಹೆಸರು ಆ ಓಣಿಯಲ್ಲಿ ಕೇಳಿಬಂದಾಗ, ತಂಡದಲ್ಲಿದ್ದ ಉಳ್ಳಾಲದ ಮೀನುಗಾರ ಕುಟುಂಬದ ಶಿಕ್ಷಕರೊಬ್ಬರು ಯಾವ ತಿಂಗಳಲ್ಲಿ ಹೊರಟಿದ್ದ ಎಂದು ಕೇಳಿದರು. ಅವರ ಮನೆಯಲ್ಲಿ ಅದು ಮೊದಲ ಪ್ರಶ್ನೆ.

ಕೊನೆಯ ದಿನ ಮೆಟ್ರೋದಲ್ಲಿ ಮಾರ್ ಗಿರ್ಗಿಸ್ ನಿಲ್ದಾಣಕ್ಕೆ ಹೋದೆವು. ಇಳಿದ ಕೂಡಲೇ ರೋಮನ್ನರ ಬ್ಯಾಬಿಲೋನ್ ಕೋಟೆಯ ಗೋಡೆ, ಒಳಗೆ ಈಜಿಪ್ಟಿನ ಕ್ರೈಸ್ತರ ಕಾಪ್ಟಿಕ್ ಚರ್ಚುಗಳು, ಅವುಗಳ ನಡುವೆ ಬೆನ್ ಎಜ್ರಾ ಸಿನಗಾಗ್, ಸ್ವಲ್ಪ ದೂರದಲ್ಲಿ ಏಳನೆಯ ಶತಮಾನದಲ್ಲಿ ಸ್ಥಾಪನೆಯಾದ ಅಮ್ರ್ ಮಸೀದಿ. ಬೆನ್ ಎಜ್ರಾದ ಈಗಿನ ಕಟ್ಟಡ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮರುಕಟ್ಟಿದ್ದು. ಇತ್ತೀಚಿನ ದುರಸ್ತಿಯ ನಂತರ 2023ರಲ್ಲಿ ತೆರೆದಿದೆ. ನಡುವೆ ಯಹೂದಿ ಧರ್ಮಗ್ರಂಥವಾದ ತೋರಾ ಓದುವ ಎಂಟು ಮೂಲೆಯ ಅಮೃತಶಿಲೆಯ ವೇದಿಕೆ, ಮೇಲೆ ಹೆಂಗಸರ ಮಹಡಿ. ಆ ಮಹಡಿಯ ತುದಿಯಲ್ಲಿ, ಗೋಡೆಯ ಎತ್ತರದ ಕಿಂಡಿಗೆ ಏಣಿ ಇಟ್ಟು ಹತ್ತಿ ಕಾಗದಗಳನ್ನು ಒಳಗೆ ಹಾಕುತ್ತಿದ್ದ ಕೋಣೆಯೇ ಗೆನೀಜಾ. ದೇವರ ಹೆಸರಿರುವ ಬರಹವನ್ನು ಎಸೆಯಬಾರದೆಂಬ ನಿಯಮವಿದ್ದುದರಿಂದ, ಹೀಬ್ರೂ ಅಕ್ಷರದ ಲೆಕ್ಕಪತ್ರ, ಮದುವೆ ಕರಾರು, ವ್ಯಾಪಾರದ ಓಲೆಗಳೂ ಅಲ್ಲಿ ಬಿದ್ದವು. ಒಣ ಹವೆ ಅವನ್ನು ಕಾಯಿತು. 1896ರ ಕೊನೆಯಲ್ಲಿ ಬಂದ ಕೇಂಬ್ರಿಜ್ ವಿದ್ವಾಂಸ ಸಾಲೊಮನ್ ಶೆಕ್ಟರ್ ಸುಮಾರು 1,93,000 ತುಣುಕುಗಳನ್ನು ಕೇಂಬ್ರಿಜ್‌ಗೆ ಒಯ್ದರು. ಕೋಣೆ ಈಗ ಖಾಲಿ. ಖಾಲಿ ಕೋಣೆಯನ್ನು ತೋರಿಸುವುದು ಹೇಗೆ ಎಂಬುದೇ ಆರು ತಿಂಗಳು ನನ್ನನ್ನು ಕಾಡಿದ ಪ್ರಶ್ನೆಯಾಗಿತ್ತು.

ಅದಕ್ಕಾಗಿ ನಾನು ಏಡನ್ನಿನ ವರ್ತಕ ಮದ್ಮೂನ್ ಮಂಗಳೂರಿನ ಬೆನ್ ಯಿಜುವಿಗೆ ಬರೆದ ಪತ್ರದ ಕೆಲವು ಸಾಲುಗಳನ್ನು ಅಚ್ಚು ಹಾಕಿಸಿ ಒಯ್ದಿದ್ದೆ. ಮೂಲದಲ್ಲಿ ಅಕ್ಷರ ಹೀಬ್ರೂ, ಭಾಷೆ ಅರಬ್ಬಿ. ಅದನ್ನೇ ಅರಬ್ಬಿ ಲಿಪಿಗೆ ಇಳಿಸಿದರೆ ಕೈರೋದವರು ತೊಡಕಿಲ್ಲದೆ ಓದಬಹುದು. ಹೊರಗಿನ ಕಲ್ಲಿನ ಕಟ್ಟೆಯ ಮೇಲೆ ಕೂತು ಉಸ್ತಾಜಾ ಗಟ್ಟಿಯಾಗಿ ಓದತೊಡಗಿದರು. ಫಿಲ್ಫಿಲ್ ಎಂಬಲ್ಲಿ ನಕ್ಕು, ಮೆಣಸಿಗೆ ನಾವು ಇವತ್ತಿಗೂ ಹೀಗೇ ಅನ್ನುತ್ತೇವೆ ಎಂದರು. ಹದೀದ್, ಕಬ್ಬಿಣ. ಫೌಫಲ್ ಎಂಬಲ್ಲಿ ನಿಂತುಬಿಟ್ಟರು. ಆ ಪದ ಅವರಿಗೆ ಗೊತ್ತಿರಲಿಲ್ಲ.

ನಾನು ಬಾಯಿ ತೆರೆಯುವ ಮೊದಲೇ ಪುತ್ತೂರಿನ ಅಡಿಕೆ ಕೃಷಿಕರು, “ಮೇಡಂ, ಅದು ಅಡಿಕೆಯೇ ಅಲ್ಲವೇ? ಧಾರಣೆ ಎಷ್ಟೆಂದು ಬರೆದಿದೆ?” ಎಂದು ಕೇಳಿದರು. ಆಮೇಲೆ ತಮಗೆ ಬರುವ ಇಂಗ್ಲಿಷಿನಲ್ಲಿ, ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಗಾತ್ರ ತೋರಿಸುತ್ತ, ಕೊಯ್ದು, ಒಣಗಿಸಿ, ಸುಲಿದು, ಎಲೆಯ ಜೊತೆ ಮೆಲ್ಲುವವರೆಗಿನ ಎಲ್ಲವನ್ನೂ ಉಸ್ತಾಜಾರಿಗೆ ವಿವರಿಸಿದರು. ಅವರು ತಮ್ಮ ಪ್ರತಿಯ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಅರಬ್ಬಿಯಲ್ಲಿ ಏನೋ ಗುರುತು ಹಾಕಿಕೊಂಡು, ಮುಂದಿನ ಸಾಲನ್ನು ಓದಿದರು.